ಟೈಮಿಂಗ್ ಚೈನ್ ಸದ್ದು: ಟೆನ್ಷನರ್ ಒಂದೇ ಸಾಕಾ, ಪೂರ್ತಿ ಕಿಟ್ ಬೇಕಾ?

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟೈಮಿಂಗ್ ಚೈನ್ (ಪಿಸ್ಟನ್‌ಗಳು ತಿರುಗಿಸುವ ಕ್ರಾಂಕ್‌ನಿಂದ ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸೋ ಚೈನ್) ಕಡೆಯಿಂದ ಎರಡು ಮೂರು ಸೆಕೆಂಡ್ ಕಟಕಟ ಸದ್ದು, ಆಮೇಲೆ ನಿಲ್ಲುತ್ತೆ. ಈಗ ಪಿ0016 ಕೋಡ್ (ಕ್ಯಾಮ್, ಕ್ರಾಂಕ್ ಹೊಂದಾಣಿಕೆ ತಪ್ಪಿದೆ ಅನ್ನೋ ಎಚ್ಚರಿಕೆ) ಕೂಡ ಬಂದಿದೆ. ಮೆಕ್ಯಾನಿಕ್ ಟೆನ್ಷನರ್ (ಚೈನನ್ನು ಬಿಗಿಯಾಗಿ ಹಿಡಿಯೋ ಭಾಗ) ಬದಲಿಸಿದ್ರೆ ಸಾಕು ಅಂತಾರೆ. ಮಾಡಿಸಿದವರು ಹೇಳಿ.

ಉತ್ತರ 1: ನಾನು ಚೈನ್, ಸ್ಪ್ರಾಕೆಟ್, ಗೈಡ್, ಟೆನ್ಷನರ್ ಎಲ್ಲ ಇರೋ ಪೂರ್ತಿ ಕಿಟ್ಟೇ ಹಾಕಿಸಿದ್ದು, ಇನ್ನೊಮ್ಮೆ ಆದ್ರೂ ಅದನ್ನೇ ಮಾಡಿಸ್ತೀನಿ. ಪಿನ್ನು, ಬುಶ್ಶು ಸವೆದು ಒಂದೊಂದು ಕೊಂಡಿಗೂ ಕೂದಲೆಳೆಯಷ್ಟು ಸಡಿಲ ಸೇರಿ ಚೈನ್ ಉದ್ದ ಆಗೋದು. ಅಷ್ಟರಲ್ಲಿ ಸ್ಪ್ರಾಕೆಟ್ ಹಲ್ಲೂ ಅದೇ ಅಳತೆಗೆ ಸವೆದಿರುತ್ತೆ, ಅದರ ಮೇಲೆ ಹೊಸ ಚೈನ್ ಕೂರಿಸಿದ್ರೆ ಅದೂ ಬೇಗ ಹಾಳು. ಚೈನ್ ದಾರಿ ತಪ್ಪದಂತೆ ಹಿಡಿಯೋ ಗೈಡ್‌ನ ಪ್ಲಾಸ್ಟಿಕ್ ಚೂರುಗಳು ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿದ್ದು, ಆಯಿಲ್ ಹೀರೋ ಪಿಕಪ್ ಜಾಲರಿ ಅರ್ಧ ಮುಚ್ಚಿತ್ತು. ಸಂಪ್ ಇಳಿಸದೆ ಬಿಟ್ಟಿದ್ರೆ ಬೇರಿಂಗ್‌ಗೆ ಆಯಿಲ್ ಸಿಗದೆ ಎಂಜಿನ್ನೇ ಹೋಗ್ತಿತ್ತು. ಬಿಲ್ಲಿನಲ್ಲಿ ದೊಡ್ಡ ಪಾಲು ಮುಂದಿನ ಕವರ್ ಬಿಚ್ಚುವ ಕೂಲಿ. ಆ ಕೂಲಿ ಎರಡು ಸಲ ಯಾಕೆ ಕೊಡ್ಬೇಕು?

ಉತ್ತರ 2: ಎಲ್ಲರಿಗೂ ಕಿಟ್ ಹಾಕಿಸಿ ಅನ್ನೋದು ತಪ್ಪು. ನಮ್ಮದರಲ್ಲಿ ಕೋಡ್ ಇರಲಿಲ್ಲ, ಕ್ಯಾಮ್–ಕ್ರಾಂಕ್ ಕೋನ ಮಿತಿಯೊಳಗಿತ್ತು, ಟೆನ್ಷನರ್ ಪ್ಲಂಜರ್ (ಚೈನ್ ಕಡೆಗೆ ತಳ್ಳೋ ಕಡ್ಡಿ) ಹೊರಗೆ ಬಂದಿದ್ದು ಎರಡೇ ಹಲ್ಲು, ಅಂದ್ರೆ ಚೈನ್ ಹೆಚ್ಚು ಉದ್ದ ಆಗಿರಲಿಲ್ಲ. ಆಯಿಲ್ ವಾಪಸ್ ಹೋಗದಂತೆ ತಡೆಯೋ ಒಳಗಿನ ಚೆಕ್ ವಾಲ್ವ್ ಸೋರಿ ರಾತ್ರಿ ಆಯಿಲ್ ಇಳಿದುಹೋಗ್ತಿತ್ತು, ಅಷ್ಟೇ. ಹೊರಗಿನಿಂದಲೇ ಕೈಗೆ ಸಿಗುವ ಟೆನ್ಷನರ್, ಬದಲಿಸಿದೆವು, ಸದ್ದು ಹೋಯ್ತು. ಅಳೆಯದೆ ಬಿಚ್ಚೋರಿಗೆ ಏನು ಹೇಳೋದು!

ಉತ್ತರ 1: ಅಳೆದೇ ಬಿಚ್ಚಿಸಿದ್ದು ಸ್ವಾಮಿ. ಪ್ಲಂಜರ್ ತುದಿವರೆಗೆ ಬಂದಿತ್ತು.

ಉತ್ತರ 3: ಇಬ್ಬರೂ ಫೇಸರ್ (ಆಯಿಲ್ ಒತ್ತಡದಿಂದ ಕ್ಯಾಮ್ ಕೋನ ಹಿಂದೆಮುಂದೆ ಮಾಡೋ ಭಾಗ) ಮರೆತಿದ್ದೀರಿ. ಅದರ ಲಾಕ್ ಪಿನ್ ಸವೆದ್ರೂ ಇದೇ ಥರ ಸದ್ದು ಬರುತ್ತೆ. ಅದಕ್ಕೆ ಆಯಿಲ್ ಬಿಡೋ ಕಂಟ್ರೋಲ್ ವಾಲ್ವ್ ಜಾಲರಿ ಕಟ್ಟಿದ್ರೂ ಪಿ0016 ಬರಬಹುದು. ನನಗೆ ಹೊಟ್ಟೆ ಉರಿಸಿದ್ದು ಬೋಲ್ಟ್. ಕೋನ ಅಳೆದು ಬಿಗಿಯುವ ಬೋಲ್ಟ್ ಒಮ್ಮೆ ಹಿಗ್ಗಿದ್ರೆ ಮುಗೀತು, ಹಳೇದನ್ನೇ ಹಾಕಿಬಿಟ್ಟಿದ್ರು. ಕೆಲವು ಎಂಜಿನ್ನಲ್ಲಿ ಕ್ರಾಂಕ್ ಸ್ಪ್ರಾಕೆಟ್‌ಗೆ ಕೀ (ಜಾರದಂತೆ ಹಿಡಿಯೋ ಲೋಹದ ತುಂಡು) ಇರಲ್ಲ, ಬೋಲ್ಟ್ ಬಿಗಿಯೇ ಆಧಾರ. ಅದು ಸಡಿಲಾದ್ರೆ ಟೈಮಿಂಗ್ ಜಾರಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ.

ಉತ್ತರ 2: ಹಳೇ ಸೀಲಂಟ್ ತೆಗೆಯೋಕೆ ಕವರ್ ಅಂಚನ್ನು ಸ್ಯಾಂಡಿಂಗ್ ಡಿಸ್ಕಲ್ಲಿ ಉಜ್ಜೋರ ಬಗ್ಗೆಯೂ ಬರೀರಿ. ಆ ಪುಡಿ ಆಯಿಲ್ ಸೇರಿದ್ರೆ ಬೇರಿಂಗ್ ತಿಂದುಹಾಕುತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಸೀಲಂಟ್ ತೆಳು ಗೆರೆಯಷ್ಟೇ, ಒಣಗೋವರೆಗೂ ಆಯಿಲ್ ಹಾಕಬಾರದು.

ಉತ್ತರ 4: ಜೋಡಿಸಿದ ಮೇಲೆ ಟೆನ್ಷನರನ್ನು ಒತ್ತಿಹಿಡಿದಿರೋ ಪಿನ್ ಎಳೆದು, ಕ್ರಾಂಕನ್ನು ಅದು ತಿರುಗುವ ದಿಕ್ಕಿಗೇ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದ್ರೂ ತಡೆದ್ರೆ ಬಲ ಹಾಕಬೇಡಿ, ನಿಲ್ಲಿಸಿ ನೋಡಿ. ಜೋಡಿಸುವಾಗ ಸ್ಪ್ರಾಕೆಟ್ ಗುರುತಿಗೆ ಕೂರಿಸಿದ ಚೈನಿನ ಬಣ್ಣದ ಕೊಂಡಿಗಳು ಮತ್ತೆ ಗುರುತಿಗೆ ಬರ್ತಿಲ್ಲ ಅಂತ ಪೂರ್ತಿ ಬಿಚ್ಚಿದವರನ್ನು ನೋಡಿದ್ದೀನಿ. ಎರಡು ಸುತ್ತಿಗೆ ಅವು ಬರೋದೇ ಇಲ್ಲ, ಸ್ಪ್ರಾಕೆಟ್ ಗುರುತು ಕೂಡಿದ್ರೆ ಸಾಕು.

ಉತ್ತರ 1: ಆಯಿಲ್ ಬದಲಿಸೋದು ತಡವಾದ್ರೆ ಇದೆಲ್ಲ ಮತ್ತೆ ಬರುತ್ತೆ. ಮಸಿ ತುಂಬಿದ ಆಯಿಲ್ಲೇ ಪಿನ್ ಸವೆಸೋದು.

ಉತ್ತರ 3: ಅದಕ್ಕೇ ಫ್ಲಶ್ (ಎಂಜಿನ್ ಒಳಗಿನ ಜಿಡ್ಡು ತೊಳೆಯೋ ದ್ರವ) ಹಾಕಿ ಅಂದ್ರೆ ಯಾರೂ ಕೇಳಲ್ಲ.

ಉತ್ತರ 2: ಹಳೇ ಎಂಜಿನ್ನಿಗೆ ಫ್ಲಶ್ಶಾ? ಕಿತ್ತ ಜಿಡ್ಡೆಲ್ಲ ಅದೇ ಪಿಕಪ್ ಜಾಲರಿಗೆ ಹೋಗಿ ಕೂರುತ್ತೆ. ಮೊದಲು ಸಂಪ್ ಇಳಿಸಿ ಒಳಗೆ ನೋಡಿ, ಆಮೇಲೆ ಮಾತಾಡಿ.