ಫೋಟೊ, ಹಾಡು, ಸ್ಲೈಡ್‌ಶೋ: ವಾಟ್ಸಾಪ್ ಗುಂಪಿನಲ್ಲಿ ಸ್ಟುಡಿಯೊ ಅಣ್ಣನ ಜೊತೆ ಪ್ರಶ್ನೋತ್ತರ (ಕೇಳಿದವರಿಗೆ ಊರಿನ ಹೆಸರು)

ಅಡ್ಮಿನ್: ಬದಿಯಡ್ಕದಲ್ಲಿ ಸ್ಟುಡಿಯೊ ನಡೆಸುವ ನಮ್ಮ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಫೋಟೊಗಳಿಗೆ ಹಾಡು ಸೇರಿಸಿ ವಿಡಿಯೊ ಮಾಡುವ ಬಗ್ಗೆ ಮಾತ್ರ ಕೇಳಿ.

ಕುಂಬಳೆ ಟೀಚರ್: ನಮಸ್ಕಾರ ಅಣ್ಣ. ಶಾಲೆಯ ವಾರ್ಷಿಕೋತ್ಸವಕ್ಕೆ 60 ಫೋಟೊಗಳ ಸ್ಲೈಡ್‌ಶೋ ಬೇಕು. ಉಚಿತವಾಗಿ ಸಿಗುವ, ಸುಲಭದ ಸಾಫ್ಟ್‌ವೇರ್ ಯಾವುದು? ಹಿಂದೆ ಮೂವಿ ಮೇಕರ್ ಇತ್ತು, ಈಗ ಕಾಣುವುದಿಲ್ಲ.

ಸ್ಟುಡಿಯೊ: ನಮಸ್ಕಾರ ಟೀಚರ್. ಮೂವಿ ಮೇಕರನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ನಿಲ್ಲಿಸಿತು. ಆ ಹೆಸರಿನಲ್ಲಿ ಈಗ ಅಲ್ಲಲ್ಲಿ ಸಿಗುವುದನ್ನು ಇಳಿಸಿಕೊಳ್ಳಬೇಡಿ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ಐಟಿ ಸಂಸ್ಥೆ) ಲಿನಕ್ಸ್ ಇದ್ದರೆ ಕೆಡೆನ್‌ಲೈವ್ ಹುಡುಕಿ. ಲಿಟಲ್ ಕೈಟ್ಸ್ ಐಟಿ ಕ್ಲಬ್ಬಿನ ಮಕ್ಕಳಿಗೆ ಅದರ ಅಭ್ಯಾಸ ಇರುತ್ತದೆ, ಅವರನ್ನೇ ಕೂರಿಸಿ. ವಿಂಡೋಸ್ ಆದರೆ ಶಾಟ್‌ಕಟ್. ಎರಡೂ ಪೂರ್ತಿ ಉಚಿತ, ವಿಡಿಯೊ ಮೇಲೆ ಕಂಪನಿಯ ಗುರುತು (ವಾಟರ್‌ಮಾರ್ಕ್) ಬೀಳುವುದಿಲ್ಲ. ಮೊದಲು ಫೋಟೊಗಳಿಗೆ 001, 002 ಅಂತ ಹೆಸರು ಕೊಟ್ಟು ಸಾಲಾಗಿ ಜೋಡಿಸಿ. ಶಾಟ್‌ಕಟ್‌ನ ಪ್ಲೇಲಿಸ್ಟಿಗೆ ಹಾಕಿ, ಎಲ್ಲವನ್ನೂ ಆರಿಸಿ, ‘ಆಡ್ ಸೆಲೆಕ್ಟೆಡ್ ಟು ಸ್ಲೈಡ್‌ಶೋ’ ಒತ್ತಿ. ಒಂದಕ್ಕೆ 5 ಸೆಕೆಂಡ್ ಇಟ್ಟರೆ 60ಕ್ಕೆ ಸುಮಾರು 5 ನಿಮಿಷ. ಅಷ್ಟೇ ಉದ್ದದ ಹಾಡು ಸಾಕು.

ಉಪ್ಪಳ: ಇಷ್ಟೆಲ್ಲ ಯಾಕೆ? ಫೋನಿನಲ್ಲಿ ವಿಡಿಯೊ ಮಾಡುವ ಕೈನ್‌ಮಾಸ್ಟರ್ ಆಪ್, ವಾಟರ್‌ಮಾರ್ಕ್ ಇಲ್ಲದ್ದು ಇದೆ ನನ್ನ ಹತ್ತಿರ. ಎಪಿಕೆ (ಆಪ್ ಇನ್‌ಸ್ಟಾಲ್ ಮಾಡುವ ಫೈಲ್) ಹಾಕಿದ್ದೇನೆ ನೋಡಿ. ಫಾರ್ವರ್ಡ್ ಬಂದದ್ದು.

ಸ್ಟುಡಿಯೊ: ಅಡ್ಮಿನ್, ಆ ಫೈಲನ್ನು ಈಗಲೇ ಅಳಿಸಿ. ಯಾರೂ ಇನ್‌ಸ್ಟಾಲ್ ಮಾಡಬೇಡಿ. ಕೈನ್‌ಮಾಸ್ಟರ್ ಬೇಕಾದರೆ ಪ್ಲೇ ಸ್ಟೋರಿನಿಂದ ಹಾಕಿ, ವಾಟರ್‌ಮಾರ್ಕ್ ಇದ್ದರೆ ಇರಲಿ. ಹೀಗೆ ಕೈಯಿಂದ ಕೈಗೆ ಬರುವ ಎಪಿಕೆ ಒಳಗೆ ಏನು ಸೇರಿಸಿದ್ದಾರೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿದರೆ ಬ್ಯಾಂಕಿನ ಒಟಿಪಿ ಹೋಯಿತು ಅಂತಲೇ ತಿಳಿಯಿರಿ. ಮದುವೆ ಆಮಂತ್ರಣ ಅಂತ ಎಪಿಕೆ ಕಳಿಸಿ ಹಣ ಹೊಡೆದ ಸುದ್ದಿ ಓದಿಲ್ವಾ?

ಪೆರ್ಲ: ಅಣ್ಣ, ನಮ್ಮ ಅಜ್ಜ ತಾಳಮದ್ದಳೆಯಲ್ಲಿ ಭಾಗವತರಾಗಿದ್ದರು. ಮುಂದಿನ ತಿಂಗಳು ಅವರ ವರ್ಷಾಂತಿಕ. ಹಳೆಯ ಫೋಟೊಗಳು ಆಲ್ಬಮ್ಮಿನ ಪುಟಕ್ಕೆ ಅಂಟಿಹೋಗಿವೆ. ಅವರು ಹಾಡಿದ ಒಂದೇ ಕ್ಯಾಸೆಟ್ ಉಳಿದಿದೆ, ಟೇಪಿನ ಮೇಲೆ ಬಿಳಿ ಬೂಷ್ಟು. ಆ ಸ್ವರವನ್ನೇ ಫೋಟೊಗಳ ಹಿನ್ನೆಲೆಗೆ ಹಾಕಬಹುದಾ?

ಸ್ಟುಡಿಯೊ: ಹಾಕಬಹುದು ಅಕ್ಕ. ಆದರೆ ಆ ಕ್ಯಾಸೆಟನ್ನು ಪ್ಲೇಯರಿಗೆ ಹಾಕಲೇಬೇಡಿ, ‘ಒಮ್ಮೆ ಕೇಳಿ ನೋಡುವಾ’ ಅಂತ ಕೂಡ ಬೇಡ. ಬೂಷ್ಟು ಹಿಡಿದ ಟೇಪು ಸುತ್ತಿನೊಳಗೆ ಒಂದಕ್ಕೊಂದು ಅಂಟಿರಬಹುದು, ಎಳೆದಾಗ ಹರಿಯುತ್ತದೆ. ಬೂಷ್ಟು ಪ್ಲೇಯರಿನ ಹೆಡ್ಡಿಗೂ ಹತ್ತುತ್ತದೆ. ಬಿಸಿಲಿಗೂ ಇಡಬೇಡಿ. ಬೇರೆ ಕ್ಯಾಸೆಟ್‌ಗಳಿಂದ ದೂರ, ಒಣ ಜಾಗದಲ್ಲಿಡಿ. ನನ್ನ ಹತ್ತಿರ ತನ್ನಿ. ಮೊದಲು ಬೂಷ್ಟು ತೆಗೆದು, ಆಮೇಲೆ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಪೂರ್ತಿ ರೆಕಾರ್ಡ್ ಮಾಡುವ. ಅದೂ ಉಚಿತದ್ದೇ. 90 ನಿಮಿಷದ ಕ್ಯಾಸೆಟ್ ಆದರೆ ಒಂದು ಬದಿಗೆ 45 ನಿಮಿಷ, ಅವಸರ ಮಾಡುವ ಹಾಗಿಲ್ಲ. ಎಂಪಿ3 ಬೇಡ, ವೇವ್ ಫೈಲ್ ಆಗಿ ಉಳಿಸಬೇಕು. ಅದು ಮೂಲ ಪ್ರತಿ, ಎರಡು ಕಡೆ ಇಡಿ.

ಫೋಟೊಗಳನ್ನು ಪುಟದಿಂದ ಕೀಳಬೇಡಿ. ಮೇಲಿನ ಪದರವೇ ಎದ್ದು ಬಂದೀತು. ಇಡೀ ಪುಟವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ಒಂದೊಂದನ್ನೇ ಬೇರೆ ಮಾಡಬಹುದು. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಜೋಡಿಸುವಾಗ ಎಲ್ಲ ಫೋಟೊಗಳಿಗೂ 5 ಸೆಕೆಂಡ್ ಬೇಡ. ಒಂದು ಪದ್ಯವನ್ನು ಪೂರ್ತಿ ಇಟ್ಟುಕೊಳ್ಳಿ, ನಡುವೆ ಕತ್ತರಿಸಬೇಡಿ. ಅಜ್ಜ ರಾಗ ಎಳೆಯುವಲ್ಲಿ ಒಂದೇ ಮುಖ ಹತ್ತು ಸೆಕೆಂಡ್ ನಿಲ್ಲಲಿ. ಟೈಮ್‌ಲೈನಿನಲ್ಲಿ ಧ್ವನಿಯ ಗೆರೆ ಕಾಣುತ್ತದಲ್ಲಾ, ಚೆಂಡೆಯ ಪೆಟ್ಟು ಬಿದ್ದಲ್ಲಿ ಗೆರೆ ಎದ್ದು ನಿಲ್ಲುತ್ತದೆ. ಫೋಟೊದ ಅಂಚನ್ನು ಅಲ್ಲಿಗೆ ಎಳೆದು ಬಿಡಿ. ತಿರುಗುವ, ಹಾರುವ ಎಫೆಕ್ಟ್ ಒಂದೂ ಬೇಡ.

ನೀರ್ಚಾಲು: ಸುಲಭದ ಸಾಫ್ಟ್‌ವೇರ್ ಯಾವುದು ಅಣ್ಣ?

ಸ್ಟುಡಿಯೊ: ಮೇಲೆ ಇದೆ. ಶಾಟ್‌ಕಟ್.

ಮಂಜೇಶ್ವರ: ಫಾರ್ವರ್ಡೆಡ್: ಕ್ಯಾಸೆಟ್ ಬೂಷ್ಟಿಗೆ ತೆಂಗಿನೆಣ್ಣೆ ಹಚ್ಚಿ ಒರೆಸಿ. ಅಂಟಿದ ಫೋಟೊಗೆ ಇಸ್ತ್ರಿಪೆಟ್ಟಿಗೆ ಬಿಸಿ ತಾಗಿಸಿ. ನೂರಕ್ಕೆ ನೂರು ಫಲ.

ಸ್ಟುಡಿಯೊ: ಇಸ್ತ್ರಿಪೆಟ್ಟಿಗೆ ಇಟ್ಟರೆ ಫೋಟೊ ಮುಗಿಯಿತು. ಎಣ್ಣೆ ಹಚ್ಚಿದ ಟೇಪು ಮತ್ತೆ ಯಾರ ಕೈಗೂ ಸರಿಯಾಗುವುದಿಲ್ಲ. ಪೆರ್ಲದ ಅಕ್ಕನ ಹತ್ತಿರ ಇರುವುದು ಒಂದೇ ಕ್ಯಾಸೆಟ್. ಮಾಡಿ ನೋಡದ್ದನ್ನು ಕಳಿಸಬೇಡಿ.

ಸೀತಾಂಗೋಳಿ: ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹೆಸರು ಶಾಟ್‌ಕಟ್‌ನಲ್ಲಿ ಇಂಗ್ಲಿಷ್ ಚಿಹ್ನೆಗಳಾಗಿ ಬರುತ್ತದೆ.

ಸ್ಟುಡಿಯೊ: ಹಳೆಯ ಆಸ್ಕಿ ಅಕ್ಷರ ಅದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಆರಿಸಿ.

ಮುಳ್ಳೇರಿಯ: ಮದುವೆ ಹಾಲಿನಲ್ಲಿ ಸಿನಿಮಾ ಹಾಡು ಹಾಕಿದರೆ ಕಾಪಿರೈಟ್ ಕೇಸ್ ಆಗುತ್ತದಂತೆ, ಹೌದಾ?

ಬಾಯಾರು: ಖಂಡಿತ ಆಗುತ್ತದೆ.

ಅಡೂರು: ಸುಮ್ನೆ ಹೆದರಿಸಬೇಡಿ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆಗೆ ವಿನಾಯಿತಿ ಇದೆ.

ಬಾಯಾರು: ಹಾಗಾದರೆ ಯೂಟ್ಯೂಬಿನಲ್ಲಿ ನನ್ನ ತಂಗಿಯ ಮದುವೆ ವಿಡಿಯೊ ಯಾಕೆ ತಡೆದರು? ನೀವು ವಕೀಲರಾ?

ಅಡೂರು: ಓದಲು ಬರುತ್ತದೆ ನನಗೆ. ನಿಮಗೆ?

ಸ್ಟುಡಿಯೊ: ಸಾಕು. ಮದುವೆಯಲ್ಲಿ ನುಡಿಸುವುದು ಬೇರೆ, ಯೂಟ್ಯೂಬಿಗೆ ಏರಿಸುವುದು ಬೇರೆ. ಅಲ್ಲಿ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಹಾಡನ್ನು ತಾನೇ ಗುರುತಿಸುತ್ತದೆ. ಏರಿಸುವುದಿದ್ದರೆ ಯೂಟ್ಯೂಬಿನ ಆಡಿಯೊ ಲೈಬ್ರರಿಯ ಸಂಗೀತ ತೆಗೆದುಕೊಳ್ಳಿ.

ಬಾಯಾರು: ಅವರಿಗೆ ಹೇಳಿ ಅಣ್ಣ, ನನಗಲ್ಲ.

ಕಾಸರಗೋಡು ಪೇಟೆ: ಮ್ಯಾಕ್‌ಬುಕ್ಕಿಗೆ ಯಾವುದು ಒಳ್ಳೆಯದು?

ಅಡೂರು: ಸೆಕ್ಷನ್ನಿನ ಫೋಟೊ ಹಾಕುತ್ತೇನೆ, ತಾಳಿ.

ಎಡನೀರು: ಅಣ್ಣ, ವಿಡಿಯೊ ಲ್ಯಾಪ್‌ಟಾಪಿನಲ್ಲಿ ಸರಿ ಇದೆ, ಟಿವಿಯಲ್ಲಿ ಓಡುವುದಿಲ್ಲ.

ಸ್ಟುಡಿಯೊ: ಎಚ್.264 ಎಂಪಿ4, 1920×1080 ಆಗಿ ಎಕ್ಸ್‌ಪೋರ್ಟ್ ಮಾಡಿ. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಅದೇ ಟಿವಿಗೆ ಹಾಕಿ ನೋಡಿ.

ಉಪ್ಪಳ: ಆ ಎಪಿಕೆಯಿಂದ ನನ್ನ ಫೋನಿಗೆ ಏನೂ ಆಗಿಲ್ಲ.

ಸ್ಟುಡಿಯೊ: ಅನ್‌ಇನ್‌ಸ್ಟಾಲ್ ಮಾಡಿ. ಬ್ಯಾಂಕಿನ ಪಾಸ್‌ವರ್ಡ್ ಇವತ್ತೇ ಬೇರೆ ಫೋನಿನಿಂದ ಬದಲಿಸಿ. ಪೆರ್ಲದ ಅಕ್ಕ, ಶನಿವಾರ ಕ್ಯಾಸೆಟ್, ಆಲ್ಬಮ್ ಎರಡೂ ತನ್ನಿ.

ಅಡ್ಮಿನ್: ಬಾಯಾರು, ಅಡೂರು ಇಬ್ಬರೂ ಗುಂಪಿನ ಹೊರಗೆ ಮಾತಾಡಿಕೊಳ್ಳಿ. ಇನ್ನು ನಾಳೆವರೆಗೆ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು.