ಓದುಗರ ಸ್ಪಂದನ: ವ್ಯಾನ್ ಹಾರ್ನ್ ಕೇಳಿದರೆ ವಾಂತಿ, ಮನೆಯಲ್ಲೇ ಓದಿಸಲೇ?

ಓದುಗರೊಬ್ಬರ ಸಮಸ್ಯೆ: ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮೀಡಿಯಂನಲ್ಲಿ ನಾಲ್ಕನೇ ಕ್ಲಾಸ್. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹಾರ್ನ್ ಕೇಳಿದರೆ ಸಾಕು, ತಿಂದದ್ದೆಲ್ಲ ವಾಂತಿ. ಭಾನುವಾರ ಏನೂ ಇಲ್ಲ. ನಾನು ಬಿ.ಎ. ಓದಿದ್ದೇನೆ. ಒಂದೆರಡು ವರ್ಷ ಮನೆಯಲ್ಲೇ ಓದಿಸೋಣ ಅನ್ನಿಸುತ್ತಿದೆ. ‘ಸ್ಕೂಲ್ ಬಿಡಿಸಿದರೆ ಜನ ಏನಂತಾರೆ’ ಅನ್ನುತ್ತಾರೆ ಅತ್ತೆ. ಏನು ಮಾಡಲಿ?

*

ಮಗಳೇ, ಸ್ಕೂಲು, ಮನೆಪಾಠ ಎಲ್ಲ ಆಮೇಲೆ. ಭಾನುವಾರ ಬಾರದ ವಾಂತಿ ಸೋಮವಾರ ಯಾಕೆ ಬರುತ್ತೆ? ಮೊದಲು ಡಾಕ್ಟರಿಗೆ ತೋರಿಸು. ಆಮೇಲೆ ಮಗುವಿಗೆ ತಲೆ ಬಾಚುತ್ತಾ ಕೇಳು. ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ವ್ಯಾನಿನಲ್ಲಿ ಯಾರ ಪಕ್ಕ ಕೂರುತ್ತಾಳೆ, ಯಾರು ಬೈಯುತ್ತಾರೆ, ಬಾತ್‌ರೂಮಿಗೆ ಬಿಡುತ್ತಾರಾ ಎಲ್ಲ ಕೇಳು. ನನ್ನ ಮೊಮ್ಮಗ ಮೂರು ತಿಂಗಳು ಹೊಟ್ಟೆನೋವು ಅಂತಿದ್ದ. ಕೊನೆಗೆ ನೋಡಿದರೆ ಅವರ ಶಾಲೆಯ ಶೌಚಾಲಯಕ್ಕೆ ಚಿಲಕವೇ ಇರಲಿಲ್ಲ. ಜನರ ಮಾತು ಬಿಡು. ಅವರೇನು ಬಂದು ವಾಂತಿ ಬಳಿಯುತ್ತಾರಾ?

– ಒಬ್ಬ ಅಜ್ಜಿ, ಗೌರಿಬಿದನೂರು

*

ಅಕ್ಕಾ, ನಮ್ಮ ಮಗನನ್ನು ಐದನೇ ಕ್ಲಾಸಿಗೇ ಶಾಲೆ ಬಿಡಿಸಿ ಮನೆಯಲ್ಲಿ ಓದಿಸಿದೆವು. ನಮ್ಮದು ರೇಷ್ಮೆ ಬೆಳೆಯುವ ಮನೆ.

ದೊಡ್ಡ ಲಾಭ ಅಂದರೆ ಹೊತ್ತು ಉಳಿಯಿತು. ವ್ಯಾನಿನಲ್ಲಿ ದಿನಕ್ಕೆ ಎರಡು ಗಂಟೆ ಹೋಗುತ್ತಿತ್ತು, ಹೋಂವರ್ಕಿಗೆ ಇನ್ನೆರಡು. ಮನೆಯಲ್ಲಿ ಬೆಳಿಗ್ಗೆ ಎರಡೂವರೆ ಗಂಟೆ ಕೂತರೆ ಪುಸ್ತಕದ ಕೆಲಸ ಮುಗಿಯುತ್ತಿತ್ತು. ನಲವತ್ತು ಮಕ್ಕಳ ಹಾಜರಿ ಕೂಗುವುದಿಲ್ಲ, ಗಲಾಟೆ ನಿಲ್ಲಿಸುವುದಿಲ್ಲ. ಇರುವುದು ಒಂದೇ ಮಗು.

ಇನ್ನೊಂದು, ಭಾಷೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗ ಪಾಠವನ್ನು ಗಿಳಿಯ ಥರ ಒಪ್ಪಿಸುತ್ತಿದ್ದ. ‘ಇವಾಪರೇಷನ್ ಅಂದರೆ ಏನೋ’ ಅಂದರೆ ಸ್ಪೆಲ್ಲಿಂಗ್ ಹೇಳಿದ! ಆರು ತಿಂಗಳು ಇಂಗ್ಲಿಷ್ ಪಕ್ಕಕ್ಕಿಟ್ಟೆ. ಓದುವುದು ಕನ್ನಡದಲ್ಲಿ, ಓದಿದ್ದರ ಬಗ್ಗೆ ಮಾತಾಡುವುದು ತೆಲುಗಿನಲ್ಲಿ. ಒಗೆದ ಬಟ್ಟೆ ಹೇಗೆ ಒಣಗುತ್ತೆ ಅಂತ ಅರ್ಥವಾದ ಮೇಲೆ ಆ ಇಂಗ್ಲಿಷ್ ಪದ ಮತ್ತೆ ಮರೆಯಲೇ ಇಲ್ಲ.

ಲೆಕ್ಕ ಕಲಿತಿದ್ದು ಹುಳುಮನೆಯಲ್ಲಿ. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟಷ್ಟೂ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಎಷ್ಟು ಕೆ.ಜಿ. ಗೂಡು ಬಂತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜು ಎಷ್ಟಕ್ಕೆ ನಿಂತಿತು, ಸೊಪ್ಪಿಗೆ ಎಷ್ಟು, ಕೂಲಿಗೆ ಎಷ್ಟು. ಒಂದು ಬೆಳೆಯಲ್ಲಿ ನಮಗೆ ನಷ್ಟ ಅಂತ ಮೊದಲು ಕಂಡುಹಿಡಿದವನು ಅವನೇ. ಅವರಪ್ಪನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ ಬಿಡಿ.

ಒಂದು ವಿಷಯ ಮುಂಚೆಯೇ ಹೇಳಿಬಿಡುತ್ತೇನೆ, ಇಲ್ಲವಾದರೆ ಹೆದರಿಬಿಡುತ್ತೀರಿ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ಆಗ ಸೊಪ್ಪು ಹಾಕಬಾರದು. ಶಾಲೆ ಬಿಟ್ಟ ಮೊದಲ ತಿಂಗಳು ನನ್ನ ಮಗನೂ ಹಾಗೇ ಇದ್ದ. ಪುಸ್ತಕ ಮುಟ್ಟಲಿಲ್ಲ. ನನಗೆ ರಾತ್ರಿ ನಿದ್ದೆಯಿಲ್ಲ. ‘ಜ್ವರಕ್ಕೆ ಕೂತವ್ನೆ, ಬಿಡು’ ಅಂದರು ನಮ್ಮತ್ತೆ. ಐದನೇ ವಾರ ಅವನೇ ಬಂದು, ‘ಒಂದು ಗೂಡಲ್ಲಿ ಎಷ್ಟುದ್ದ ನೂಲಿರುತ್ತಮ್ಮ’ ಅಂದ. ಪಕ್ಕದ ಫಿಲೇಚರಿಗೆ, ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಗೆ, ಕರೆದುಕೊಂಡು ಹೋದೆ. ನೂರಾರು ಮೀಟರ್ ಅಂತ ಕೇಳಿ ಎರಡು ದಿನ ಅದೇ ಮಾತು.

ಕಷ್ಟ ಇಲ್ಲ ಅನ್ನಲಾರೆ. ಬೀಜಗಣಿತ ನನ್ನ ಕೈಲಾಗಲಿಲ್ಲ, ಬೀದಿಯ ಇಂಜಿನಿಯರಿಂಗ್ ಹುಡುಗನಿಗೆ ಒಪ್ಪಿಸಿದೆ. ಹತ್ತನೇ ಕ್ಲಾಸನ್ನು, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯಲ್ಲಿ ಕಟ್ಟಿ ಪಾಸಾದ. ಈಗ ಡಿಪ್ಲೊಮಾ.

– ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು

*

ತಾಯಿ, ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಶಾಲೆ ಬಿಡಿಸುವವರಿಗೆ ದಾರಿ ಹೇಳುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಬಿಡಿಸಲೇಬೇಕು ಅಂತಾದರೆ ಕಾಗದಪತ್ರ ಸರಿಯಾಗಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಸೇರಿಸದ ಪೋಷಕರಿಗೆ ಇಂಥ ಶಿಕ್ಷೆ ಅಂತ ಅದರಲ್ಲಿಲ್ಲ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಮೇಷ್ಟ್ರುಗಳು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ, ಮಗಳ ನೋಟ್‌ಬುಕ್ ತೋರಿಸಿ. ನಾನೂ ಹಾಗೆ ಮನೆಮನೆ ತಿರುಗಿದವನೇ. ಟಿ.ಸಿ. ಪಡೆದು ಜೋಪಾನವಾಗಿಡಿ. ಮನಸ್ಸು ಬದಲಾಗಿ ವಾಪಸ್ ಬಂದರೆ, ಅದೇ ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು.

ನಮ್ಮ ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತನೆಯದಕ್ಕೆ ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಇದೆ, ಎನ್‌ಐಒಎಸ್ ಅಂತಾರಲ್ಲ, ಅದೇ. 14 ವರ್ಷ ತುಂಬಿರಬೇಕು, 5 ವಿಷಯ ಪಾಸಾಗಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ನೋಂದಾಯಿಸಿದರೆ 5 ವರ್ಷದಲ್ಲಿ 9 ಅವಕಾಶ. ಎಲ್ಲ ವಿಷಯ ಒಂದೇ ಸಲ ಕಟ್ಟಬೇಕೆಂದೇನಿಲ್ಲ. ನನ್ನ ಶಿಷ್ಯರಲ್ಲಿ ಎಷ್ಟು ಜನಕ್ಕೆ ಇದೊಂದು ಸಿಕ್ಕಿದ್ದರೆ ಸಾಕಿತ್ತು.

– ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

*

ನಾವೂ ಮಾಡಿದೆವು, ಎಂಟೇ ತಿಂಗಳು. ಆಮೇಲೆ ಬಿಟ್ಟೆವು. ಮಗನಿಂದಲ್ಲ, ಹೆಂಡತಿಗೆ ಸಾಕಾಗಿ ಹೋಯಿತು. ಅಡುಗೆ, ಹಸು, ಮನೆ, ಅದರ ಮೇಲೆ ಪಾಠ. ನಾನು ಟೊಮೆಟೊ ಲೋಡ್ ಜೊತೆ ಮಂಡಿಗೆ ಹೋದರೆ ಬರುವುದು ಮಧ್ಯಾಹ್ನ. ಸಂಜೆಯಾದರೆ ‘ಇವತ್ತು ಏನು ಕಲಿಸಿದೆ’ ಅಂತ ಇನ್ಸ್‌ಪೆಕ್ಟರ್ ಥರ ಕೇಳುತ್ತಿದ್ದೆ. ಈಗ ನೆನೆದರೆ ನಾಚಿಕೆ. ನಿಮ್ಮ ಯಜಮಾನರು ದಿನಕ್ಕೆ ಒಂದು ಗಂಟೆ ಕೂರುತ್ತಾರಾ? ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ನಾವು ಕೊನೆಗೆ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ ಹಾಕಿದೆವು. ಅರ್ಧ ರೋಗ ವ್ಯಾನಿನದೇ ಆಗಿತ್ತು. ಆದರೂ ಆ ಎಂಟು ತಿಂಗಳಲ್ಲಿ ಅವನಿಗೆ ಓದುವ ರುಚಿ ಹತ್ತಿತು, ಅದು ಹಾಗೇ ಉಳಿದಿದೆ.

– ಒಬ್ಬ ತಂದೆ, ಕೋಲಾರ

*

ಆಂಟಿ, ನಾನು ಏಳನೇ ಕ್ಲಾಸಿನಿಂದ ಮನೆಯಲ್ಲೇ ಓದಿದವಳು. ಈಗ ಡಿಗ್ರಿ ಎರಡನೇ ವರ್ಷ. ಒಂದು ಪುಸ್ತಕ ಹಿಡಿದರೆ ಮುಗಿಯುವ ತನಕ ಯಾರೂ ಎಬ್ಬಿಸುತ್ತಿರಲಿಲ್ಲ, ಅದು ನನಗೆ ಜಾಸ್ತಿ ಇಷ್ಟವಾಗಿತ್ತು. ಫ್ರೆಂಡ್ಸ್ ಕಡಿಮೆ ಇದ್ದರು, ಸುಳ್ಳು ಹೇಳಲ್ಲ. ಸಂಜೆ ಬೀದಿಯ ಮಕ್ಕಳು ಸ್ಕೂಲಿನಿಂದ ಬರುವುದನ್ನೇ ಗೇಟಿನ ಹತ್ತಿರ ಕಾಯುತ್ತಿದ್ದೆ. ಅವಳಿಗೆ ಡ್ಯಾನ್ಸೋ ಖೋಖೋನೋ ಏನಾದರೂ ಹುಡುಕಿಕೊಡಿ. ಪಿಯು ಸೇರಿದ ಮೊದಲ ದಿನ, ಲೆಕ್ಚರರ್ ಅರ್ಧ ವಾಕ್ಯದಲ್ಲಿದ್ದಾಗ ಬೆಲ್ ಹೊಡೆಯಿತು. ಎಲ್ಲರೂ ಎದ್ದರು. ಪಾಠ ಇನ್ನೂ ಮುಗಿದಿಲ್ಲವಲ್ಲ ಅಂತ ನಾನೊಬ್ಬಳೇ ಕೂತೇ ಇದ್ದೆ.

– ವಿದ್ಯಾರ್ಥಿನಿ, ತಿಪಟೂರು