ಟಿವಿ ಪಕ್ಕದ ತೆಳು ಪಿಸಿಗೆ ಸದ್ದಿಲ್ಲದ 40 ಮಿಮೀ ಫ್ಯಾನ್ ಯಾವುದು?

ಕೋಟೆಬಾಗಿಲು:
ಸಿನಿಮಾ ನೋಡಲಿಕ್ಕೆಂದೇ ಇಟ್ಟ ಪಿಸಿ. ಅಡ್ಡ ಮಲಗಿಸುವ ತೆಳು ಕೇಸ್, ಹೊರ ಎತ್ತರ 65 ಮಿಮೀ. ಮಿನಿ ಐಟಿಎಕ್ಸ್ ಬೋರ್ಡ್, ಐ3-12100 ಸಿಪಿಯು, ಅದರ ಮೇಲೆ ನಾಕ್ಟುವಾ ಎನ್‌ಎಚ್-ಎಲ್9ಐ ಕೂಲರ್. ಒಂದೇ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಇಲ್ಲ. ಕರೆಂಟು ಹೊರಗಿನ 12 ವೋಲ್ಟ್ ಅಡಾಪ್ಟರಿನಿಂದ, ಹಾಗಾಗಿ ಪವರ್ ಸಪ್ಲೈ ಫ್ಯಾನಿನ ಕಾಟವೂ ಇಲ್ಲ. ಓಡುವುದು ಸಿನಿಮಾ ನೋಡಲೆಂದೇ ಇರುವ ಲಿಬ್ರೆಎಲೆಕ್ ಓಎಸ್ ಮಾತ್ರ.

ತೊಂದರೆಯೆಲ್ಲ ಹಿಂಬದಿಯ ಎರಡು 40×10 ಮಿಮೀ ಫ್ಯಾನುಗಳದ್ದು. ಕೇಸ್ ಜೊತೆಗೇ ಬಂದವು, ಮೂರು ಪಿನ್ನಿನವು. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟ) ನಿಮಿಷಕ್ಕೆ 5,800 ಸುತ್ತಿನ ಆಸುಪಾಸು ತೋರಿಸುತ್ತದೆ, ಏನು ಮಾಡಿದರೂ ಇಳಿಯುವುದಿಲ್ಲ. ಮಾತಿಲ್ಲದ ದೃಶ್ಯ ಬಂದರೆ ಅವುಗಳ ಕೀರಲೇ ಕೇಳುತ್ತದೆ. ಅದೂ ಒಂದೇ ಸಮನಲ್ಲ, ಅಲೆ ಅಲೆಯಾಗಿ ಏರಿಳಿಯುತ್ತದೆ. ಸಿನಿಮಾ ಓಡುವಾಗ ಸಿಪಿಯು 52 ಡಿಗ್ರಿ, ಕೋಣೆ 34. ಊರು ಬಳ್ಳಾರಿ, ಏಪ್ರಿಲ್-ಮೇನಲ್ಲಿ ಕೋಣೆಯೇ 40ರ ಹತ್ತಿರ ಹೋಗುತ್ತದೆ. ಯಾವ ಫ್ಯಾನ್ ಹಾಕಿದರೆ ಮೂರು ಮೀಟರ್ ದೂರದ ಸೋಫಾಕ್ಕೆ ಕೇಳಿಸುವುದಿಲ್ಲ?

ಕರಾವಳಿ_ಕೀಲಿ:
ದುಡ್ಡು ಬಿಚ್ಚುವ ಮೊದಲು ಬಯಾಸ್ ನೋಡಿ. ಮೂರು ಪಿನ್ನಿನ ಫ್ಯಾನ್ ವೇಗ ಇಳಿಸುತ್ತಿಲ್ಲ ಎಂದರೆ ಆ ಹೆಡರ್ (ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಜಾಗ) ಬಹುಪಾಲು ಪಿಡಬ್ಲ್ಯುಎಂ ಮೋಡಿನಲ್ಲಿದೆ. ಆಗ ಬೋರ್ಡು ಎರಡನೇ ಪಿನ್ನಿಗೆ ಸದಾ 12 ವೋಲ್ಟ್ ಕೊಡುತ್ತದೆ, ವೇಗದ ಆಜ್ಞೆ ಹೋಗುವುದು ನಾಲ್ಕನೇ ಪಿನ್ನಿನಲ್ಲಿ. ನಿಮ್ಮ ಫ್ಯಾನಿಗೆ ಆ ನಾಲ್ಕನೆಯದೇ ಇಲ್ಲ. ವೋಲ್ಟೇಜನ್ನೇ ಇಳಿಸಿ ವೇಗ ತಗ್ಗಿಸುವ ಡಿಸಿ ಮೋಡಿಗೆ ಬದಲಿಸಿ 60%ಗೆ ಇಳಿಸಿ, ಸುಮಾರು 7 ವೋಲ್ಟ್ ಆಗುತ್ತದೆ. ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ ಎಂಬುದು ಫ್ಯಾನುಗಳ ಸಾಮಾನ್ಯ ಲೆಕ್ಕ. 5,800ರಿಂದ 3,500ಕ್ಕೆ ಬಂದರೆ 11 ಡೆಸಿಬೆಲ್ ಕಡಿಮೆ. ಪಿಸಿ ಪೂರ್ತಿ ಆರಿಸಿ ಮತ್ತೆ ಹಚ್ಚಿ ನೋಡಿ: ಕೆಲವು ಅಗ್ಗದ ಫ್ಯಾನುಗಳು ಓಡುತ್ತಿರುವಾಗ 7 ವೋಲ್ಟಿಗೆ ತಿರುಗುತ್ತವೆ, ನಿಂತಲ್ಲಿಂದ ಮಾತ್ರ ಏಳುವುದಿಲ್ಲ.

ಸದ್ದು ಅಲೆಯಾಗಿ ಬರುವುದಕ್ಕೆ ಕಾರಣ ಎರಡೂ ಫ್ಯಾನುಗಳ ವೇಗ ಹೆಚ್ಚುಕಮ್ಮಿ ಒಂದೇ ಇರುವುದು. ಏಳು ರೆಕ್ಕೆಯ ಫ್ಯಾನ್ 5,800 ಸುತ್ತಿನಲ್ಲಿ 677 ಹರ್ಟ್ಸ್ ಸ್ವರ ಹೊರಡಿಸುತ್ತದೆ. ಪಕ್ಕದ್ದು 30 ಸುತ್ತು ಹಿಂದೆ ಬಿದ್ದರೆ 673. ಈ ವ್ಯತ್ಯಾಸ ಸೆಕೆಂಡಿಗೆ ಮೂರು ನಾಲ್ಕು ಸಲ ಏರಿಳಿಯುವ ಗುಂಯ್ ಆಗಿ ಕೇಳುತ್ತದೆ. ಒಂದನ್ನು ಬೇಕೆಂದೇ 300-400 ಸುತ್ತು ಕಡಿಮೆ ಇಟ್ಟರೆ ಅದು ಹೋಗುತ್ತದೆ.

ಹೊಸದೇ ಬೇಕೆಂದರೆ ನಾಕ್ಟುವಾ ಎನ್‌ಎಫ್-ಎ4ಎಕ್ಸ್20 ಪಿಡಬ್ಲ್ಯುಎಂ. ಗರಿಷ್ಠ 5,000 ಸುತ್ತು, ಕಂಪನಿ ಹೇಳುವ ಸದ್ದು 14.9 ಡೆಸಿಬೆಲ್. ಆದರೆ ದಪ್ಪ 20 ಮಿಮೀ, ಹಿಂದೆ ಅಷ್ಟು ಜಾಗ ಇದೆಯೇ ಅಳೆಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸರ್ವರಿನಿಂದ ಕಿತ್ತ 40 ಮಿಮೀ ಫ್ಯಾನ್ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ ಲೇಬಲ್ ಮೇಲಿನ ಆಂಪಿಯರ್ ಓದಿ. ಸದ್ದಿಲ್ಲದ 40 ಮಿಮೀ ಫ್ಯಾನ್ 0.05ರಿಂದ 0.08 ಆಂಪಿಯರ್ ಎಳೆಯುತ್ತದೆ. 0.6 ಎಂದು ಬರೆದಿದ್ದರೆ ಅದು ಮನೆಯೊಳಗೆ ಇಡುವ ವಸ್ತುವಲ್ಲ.

ಮೋಲೆಕ್ಸ್ ತಂತಿಯ 12 ಮತ್ತು 5 ವೋಲ್ಟ್ ನಡುವೆ ಫ್ಯಾನ್ ಸಿಕ್ಕಿಸಿ 7 ವೋಲ್ಟ್ ಪಡೆಯುವ ಹಳೇ ಉಪಾಯ ಮಾತ್ರ ಬೇಡ. ಫ್ಯಾನ್ ಒಳಗೆ ಶಾರ್ಟ್ ಆದರೆ 12 ವೋಲ್ಟ್ ನೇರ 5ರ ಸಾಲಿಗೆ ನುಗ್ಗುತ್ತದೆ, ಎಸ್‌ಎಸ್‌ಡಿ ಇರುವುದು ಅದೇ ಸಾಲಿನಲ್ಲಿ.

ಬೆಸುಗೆ:
ಹೆಡರ್ ವಿಷಯ ಸರಿ. ಆದರೆ ಈ ಪಿಸಿಗೆ 40 ಮಿಮೀ ಫ್ಯಾನೇ ಬೇಕಾಗಿಲ್ಲ.

12100ರ ಒಳಗಿನ ಗ್ರಾಫಿಕ್ಸ್ ಎಚ್‌ಇವಿಸಿ, ಎವಿ1 ಎಂಬ ಎರಡೂ ವಿಡಿಯೊ ಮಾದರಿಗಳನ್ನು ತಾನೇ ಬಿಡಿಸುತ್ತದೆ. ಹಾಗಾಗಿ ಸಿನಿಮಾ ಓಡುವಾಗ ಇಡೀ ಪೆಟ್ಟಿಗೆ ತಿನ್ನುವುದು 30 ವ್ಯಾಟ್ ಎಂದಿಟ್ಟುಕೊಳ್ಳಿ. ಗಂಟೆಗೆ ಒಂದು ಘನಮೀಟರ್ ಗಾಳಿ, ಒಂದು ಡಿಗ್ರಿ ಬಿಸಿಯಾಗಿ ಹೊರಬಂದರೆ, ಹೊತ್ತು ತರುವುದು ಮೂರನೇ ಒಂದು ವ್ಯಾಟ್. ಒಳಗಿನ ಗಾಳಿ ಕೋಣೆಗಿಂತ 8 ಡಿಗ್ರಿ ಹೆಚ್ಚಿರಲಿ ಎಂದರೂ ಗಂಟೆಗೆ 11 ಘನಮೀಟರ್ ಸಾಕು. ಕೂಲರ್ ಮೇಲಿರುವ 92 ಮಿಮೀ ಫ್ಯಾನಿಗೆ ಅದು 1,000 ಸುತ್ತಿನ ಕೆಲಸ. ಸಮಸ್ಯೆ ಏನೆಂದರೆ ಅದು ಈಗ ಎಳೆಯುತ್ತಿರುವುದು ಕೇಸಿನೊಳಗೆ ಸುತ್ತುವ ಬಿಸಿಗಾಳಿಯನ್ನೇ. ಮುಚ್ಚಳದಲ್ಲಿ ಅದರ ನೇರಕ್ಕೆ ತೂತು ಮಾಡಿ, ಹೊರಗಿನ ಗಾಳಿ ಎಳೆಯಲಿ.

ಕತ್ತರಿಸುವ ಮೊದಲು ಪರೀಕ್ಷೆ: ಹಿಂದಿನ ಎರಡೂ ಫ್ಯಾನ್ ಪ್ಲಗ್ ಕಿತ್ತು, ಮುಚ್ಚಳ ತೆಗೆದಿಟ್ಟು, ಒಂದು 4ಕೆ ಸಿನಿಮಾ ಗಂಟೆಹೊತ್ತು ಓಡಿಸಿ. ಈಗಿನ 52ಕ್ಕಿಂತ ಕಡಿಮೆ ಬಂದರೆ ಮುಂದುವರಿಯಿರಿ.

ಮುಚ್ಚಳಕ್ಕೂ ಫ್ಯಾನಿಗೂ ಎಷ್ಟು ಅಂತರವಿದೆ ಎಂದು ತಿಳಿಯಲು ಫ್ಯಾನ್ ಚೌಕಟ್ಟಿನ ಒಂದು ಮೂಲೆಗೆ ಮಕ್ಕಳ ಕ್ಲೇ ಉಂಡೆ ಇಟ್ಟು ಮುಚ್ಚಳ ಹಾಕಿ ತೆಗೆಯಿರಿ, ಚಪ್ಪಟೆಯಾದ ಕ್ಲೇ ಅಳೆಯಿರಿ. 65 ಮಿಮೀ ಕೇಸಿನಲ್ಲಿ ಕೂಲರಿನ 37, ಸಾಕೆಟ್ಟಿನ 7, ಬೋರ್ಡು ಮತ್ತು ಅದರ ಕಾಲಿನ 8, ಎರಡು ತಗಡಿನ 2 ಕಳೆದರೆ 11 ಉಳಿಯಬೇಕು. ಅಷ್ಟಿದ್ದರೆ ಒಳ್ಳೆಯದೇ. ತೂತಿಗೆ ಹಾಕುವ ಜಾಲರಿ ರೆಕ್ಕೆಗೆ 5 ಮಿಮೀಗಿಂತ ಹತ್ತಿರ ಬಂದರೆ ಹೊಸದೊಂದು ಕೀರಲು ಶುರುವಾಗುತ್ತದೆ. ಆ ಅಂತರಕ್ಕೆ ಇವಿಎ ಫೋಮ್ ಹಾಳೆಯ ಉಂಗುರ ಕತ್ತರಿಸಿ ಮುಚ್ಚಳದ ಒಳಮೈಗೆ ಅಂಟಿಸಿ. ಒಳವ್ಯಾಸ 90 ಇರಲಿ, ಚೌಕಟ್ಟಿನ ಮೇಲೆ ಮಾತ್ರ ಕೂರಬೇಕು. ಈ ಉಂಗುರ ಬಿಟ್ಟರೆ ತೂತು ಕೊರೆದದ್ದರಲ್ಲಿ ಅರ್ಧ ಲಾಭ ಹೋಯಿತು: ಸಂದಿಯಿಂದ ಬಿಸಿಗಾಳಿ ಮತ್ತೆ ಒಳಕ್ಕೇ ಎಳೆದುಕೊಳ್ಳುತ್ತದೆ.

ಮುಚ್ಚಳವನ್ನು ಬೇರೆ ಕೋಣೆಗೆ ಒಯ್ದು ಕೊರೆಯಿರಿ. ಕಬ್ಬಿಣದ ಪುಡಿ ಒಂದು ಚೂರು ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್.

ಕೋಟೆಬಾಗಿಲು:
ಡಿಸಿ ಮೋಡಿಗೆ ಹಾಕಿದೆ, ಅರ್ಧ ಕಾಟ ಕಡಿಮೆಯಾಯಿತು. ಪರೀಕ್ಷೆಯಲ್ಲಿ 49 ಬಂತು, ಹಾಗಾಗಿ ಮುಚ್ಚಳ ಕೊರೆಸುತ್ತೇನೆ. ಎರಡು ಅನುಮಾನ. ಇಲ್ಲಿ ಧೂಳು ವಿಪರೀತ, ತೂತು ಮೇಲ್ಮುಖವಾಗಿದ್ದರೆ ನೇರ ಒಳಗೇ ಬೀಳುವುದಿಲ್ಲವೇ? ಮತ್ತೆ ಸಿಪಿಯು ಫ್ಯಾನ್ ಕರ್ವ್ (ಯಾವ ಬಿಸಿಗೆ ಎಷ್ಟು ವೇಗ) ಹೇಗಿಡಲಿ? ಈಗ ಮೆನು ಒತ್ತಿದಾಗಲೆಲ್ಲ ಒಮ್ಮೆ ಭುರ್ ಎಂದು ಏರಿ ಇಳಿಯುತ್ತದೆ.

ಕರಾವಳಿ_ಕೀಲಿ:
ಭುರ್ ಎನ್ನುವುದಕ್ಕೆ ಕಾರಣ ಸಿಪಿಯು ಒಂದು ಕ್ಷಣ ಟರ್ಬೊಗೆ, ಅಂದರೆ ಗರಿಷ್ಠ ವೇಗಕ್ಕೆ, ಹಾರುವುದು. ಈ ಚಿಪ್ಪು 89 ವ್ಯಾಟ್‌ವರೆಗೂ ಹೋಗಬಲ್ಲದು. ಬಯಾಸ್‌ನಲ್ಲಿ ವಿದ್ಯುತ್ ಮಿತಿಗಳಾದ ಪಿಎಲ್1, ಪಿಎಲ್2 ಎರಡನ್ನೂ 35 ವ್ಯಾಟಿಗೆ ಕಟ್ಟಿ, ಸಿನಿಮಾಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಜೊತೆಗೆ ಫ್ಯಾನಿನ ಸ್ಟೆಪ್ ಅಪ್ (ವೇಗ ಏರಲು ಹಿಡಿಯುವ) ಸಮಯವನ್ನು ಬೋರ್ಡು ಕೊಡುವ ಗರಿಷ್ಠಕ್ಕೆ ಇಡಿ. ಕರ್ವ್: 60 ಡಿಗ್ರಿವರೆಗೆ 40% ಅಲುಗಾಡದಂತೆ, 75ಕ್ಕೆ 65%, 85ಕ್ಕೆ ಪೂರ್ತಿ. ಬೇಸಿಗೆಯಲ್ಲಿ ಸಿಪಿಯು 62-65 ಕಂಡರೆ ಗಾಬರಿ ಬೇಡ, ಇದರ ಮಿತಿ 100. ಬಿಸಿಗೆ ಹೆದರಿ ಕರ್ವನ್ನು 45 ಡಿಗ್ರಿಯಿಂದಲೇ ಏರಿಸಿಡುವುದರಿಂದಲೇ ಎಷ್ಟೋ ಪಿಸಿಗಳು ಸದ್ದು ಮಾಡುವುದು.

ಬೋರ್ಡು ಏಸಸ್ ಆಗಿದ್ದು, ಫ್ಯಾನ್ ನಿಧಾನವಾದ ಮೇಲೆ ಬೂಟ್ ವೇಳೆ ಸಿಪಿಯು ಫ್ಯಾನ್ ಎರರ್ ಬಂದರೆ ಮಾನಿಟರ್ ಪುಟದಲ್ಲಿ ಕನಿಷ್ಠ ವೇಗದ ಮಿತಿಯನ್ನು 600ರಿಂದ 200ಕ್ಕೆ ಇಳಿಸಿ.

ಧೂಳಿಗೆ ತೂತಿನ ಹೊರಗೆ ನೈಲಾನ್ ಸೊಳ್ಳೆಪರದೆ ಬಟ್ಟೆ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ. ಮಹಿಳೆಯರ ಕಾಲುಚೀಲದ ಬಟ್ಟೆ ಹಾಕಬೇಡಿ, ಅದರ ಕಣ್ಣು ತೀರ ಸಣ್ಣದು, ಗಾಳಿ ಕಟ್ಟುತ್ತದೆ. ನಿಮ್ಮೂರಿನ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕಾಗಬಹುದು. ಒಳಗೆ ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಕೋಟೆಬಾಗಿಲು:
40 ಮಿಮೀ ಫ್ಯಾನುಗಳನ್ನು ತೆಗೆದ ಮೇಲೆ ಹಿಂದಿನ ತೂತು ಮುಚ್ಚಲೇ? ಪಿಸಿ ಇರುವುದು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ, ಮೇಲೆ 40 ಮಿಮೀ ಜಾಗವಿದೆ.

ಬೆಸುಗೆ:
ಮುಚ್ಚಲೇಬೇಡಿ, ಒಳಬಂದ ಗಾಳಿಗೆ ಹೋಗುವ ದಾರಿ ಅದೇ. ಎರಡೂ ಸೇರಿ 22-23 ಚದರ ಸೆಂಮೀ, ಮೇಲಿನ ತೂತಿನ ಅರ್ಧವೂ ಇಲ್ಲ. ಅದರ ಮೇಲೆ ಅಚ್ಚೊತ್ತಿದ ತಗಡಿನ ಜಾಲರಿ ಇದ್ದರೆ ಅದನ್ನೂ ಕತ್ತರಿಸಿ ತೆಗೆದು ತಂತಿ ಜಾಲರಿ ಹಾಕಿ, ಪಕ್ಕದ ಸೀಳುಗಳನ್ನೂ ಬಿಡಿ. ಮೇಲೆ 40 ಮಿಮೀ ನಡೆಯುತ್ತದೆ. ಗೂಡಿನ ಹಿಂಬದಿ ಪ್ಲೈವುಡ್ ಮುಚ್ಚಿದೆಯೇ ನೋಡಿ. ಮುಚ್ಚಿದ್ದರೆ ಹೊರಬಿಟ್ಟ ಬಿಸಿಗಾಳಿ ಮುಚ್ಚಳದ ಮೇಲಿಂದ ಮತ್ತೆ ಒಳಗೇ ಬರುತ್ತದೆ. ಪಿಸಿಯ ಹಿಂಭಾಗದ ನೇರಕ್ಕೆ ಪ್ಲೈವುಡ್ಡಿನಲ್ಲಿ 250×60 ಮಿಮೀ ಕಿಂಡಿ ತೆಗೆಸಿ, ಪಿಸಿಯನ್ನು ಅದಕ್ಕೆ ಆನಿಸಿ ಇಡಿ. ಎಚ್‌ಡಿಎಂಐ ಕೇಬಲ್ಲೂ ಅಲ್ಲಿಂದಲೇ ಹೊರಗೆ ಹೋಗುತ್ತದೆ.